ಎಪ್ಪತ್ತು ಹುಣಸೆ ಬೀಜ, ಒಂದು ಡೊಂಕು ಕೇರಂ: ಗ್ರಂಥಾಲಯದ ಆಟದ ದಿನಕ್ಕೆ ಕೊನೆಯ ನಾಲ್ಕು ದಿನ

ನವೆಂಬರ್ 14ಕ್ಕೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ಶುರುವಾಗುತ್ತದೆ, ಅವತ್ತೇ ಮಕ್ಕಳ ದಿನಾಚರಣೆ. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಈಗ ಬೋರ್ಡಿನ ಮೇಲಿರುವಂತೆ ಹೇಳುವುದಾದರೆ ಅರಿವು ಕೇಂದ್ರದಲ್ಲಿ, ಮಧ್ಯಾಹ್ನ 2ರಿಂದ 5ರವರೆಗೆ ಆಟ. ಬರುವ ಮಕ್ಕಳು 40. ಕೋಣೆ 20 ಅಡಿಗೆ 15 ಅಡಿ, ಅದರಲ್ಲಿ ಎರಡು ಗೋಡೆಗೆ ಪುಸ್ತಕದ ಕಪಾಟು. ಮುಂದೆ ಸಿಮೆಂಟಿನ ಜಗುಲಿ. ಯಾವುದು ಹೇಗೆ ಮಾಡಿದ್ದು, ಎಷ್ಟು ಖರ್ಚು, ಎಲ್ಲಿ ಕೆಟ್ಟಿತು ಎಂಬುದನ್ನು ದಿನದ ಪ್ರಕಾರ ಬರೆದಿದೆ.

ನವೆಂಬರ್ 10, ಸಂಜೆ: ಎಣಿಕೆ

ಗೋದ್ರೇಜ್ ಬೀರುವಿನ ಮೇಲಿಂದ ಎಲ್ಲವನ್ನೂ ಇಳಿಸಿ ಜಮಖಾನದ ಮೇಲೆ ಸುರಿದು ಎಣಿಸಿದಾಗ ಸಿಕ್ಕಿದ್ದು ಇಷ್ಟು: ದೊಡ್ಡ ಅಳತೆಯ ಕೇರಂ ಬೋರ್ಡು 2, ಕಾಯಿನ್ ಒಂದು ಸೆಟ್ ಪೂರ್ತಿ, ಇನ್ನೊಂದರಲ್ಲಿ ಕಪ್ಪು ಎರಡು ಕಡಿಮೆ. ಮರದ ಅಳಗುಳಿ ಮಣೆ 2. ಕವಡೆ 22. ಹುಣಸೆ ಬೀಜ ಸುಮಾರು ಒಂದು ಸೇರು. ಕಂಪ್ಯೂಟರ್ 1, ಅದರ ಯುಪಿಎಸ್ ಹಳೆಯದು.

ಕಪ್ಪು ಕಾಯಿನ್ ಎರಡನ್ನು ಹಳೇ ಡಬ್ಬಿಯಲ್ಲಿದ್ದ ಬೇರೆ ಸೆಟ್ಟಿನಿಂದ ಹಾಕಿ ನೋಡಿದ್ದಾಯಿತು. ನೋಡುವುದಕ್ಕೆ ಒಂದೇ ಥರ. ಆದರೆ ಎಲ್ಲವನ್ನೂ ಸಾಲಾಗಿಟ್ಟು ಮೇಲೆ ಸ್ಕೇಲ್ ಅಡ್ಡ ಇಟ್ಟರೆ ಬಂದ ಎರಡು ಒಂದು ಮಿ.ಮೀ.ಗಿಂತ ಹೆಚ್ಚು ತಗ್ಗು. ನಿಯಮದ ಪ್ರಕಾರ ಕಾಯಿನ್ ದಪ್ಪ 7ರಿಂದ 9 ಮಿ.ಮೀ. ಇರಬಹುದು, ಹಾಗಾಗಿ ಎರಡೂ ಸರಿಯೇ. ಆದರೆ ಒಂದೇ ಸೆಟ್ಟಿನೊಳಗೆ ಬೆರೆತರೆ ಸ್ಟ್ರೈಕರ್ ತಗುಲುವ ಎತ್ತರ ಬದಲಾಗಿ ತೆಳು ಕಾಯಿನ್ ಹಾರುತ್ತದೆ. ಹೊಸ ಸೆಟ್ ತಂದಿದ್ದೇ ವಾಸಿ: ₹180. ಸ್ಟ್ರೈಕರ್ ₹70. ಸ್ಟ್ರೈಕರ್ 15 ಗ್ರಾಂ ಮೀರಬಾರದು, ಅಗಲ 4.13 ಸೆಂ.ಮೀ. ಮೀರಬಾರದು. ಕಿರಾಣಿ ಅಂಗಡಿಯಲ್ಲಿ ಆಟಿಕೆ ಕೇರಂ ಜೊತೆ ಸಿಗುವ ಚಿಕ್ಕದನ್ನು ತರಬೇಡಿ. ದೊಡ್ಡ ಬೋರ್ಡಿನಲ್ಲಿ ಅದಕ್ಕೆ ತೂಕ ಸಾಲದು.

ನವೆಂಬರ್ 10, ರಾತ್ರಿ: ಡೊಂಕು ಬೋರ್ಡು, ಮೊದಲ ಪ್ರಯತ್ನ

ಎರಡನೇ ಬೋರ್ಡಿನಲ್ಲಿ ಎಲ್ಲಿ ಬಿಟ್ಟರೂ ಗೋಲಿ ನಡುವಿಗೇ ಉರುಳಿ ಬರುತ್ತಿತ್ತು. ಮೂಲೆಯಿಂದ ಮೂಲೆಗೆ ಬಿಳಿ ದಾರ ಬಿಗಿಯಾಗಿ ಎಳೆದು ಹಿಡಿದಾಗ ನಡುವೆ ದಾರಕ್ಕೂ ಹಲಗೆಗೂ 3 ಮಿ.ಮೀ. ಸಂದು. ಬೋರ್ಡನ್ನು ಬೋರಲು ಹಾಕಿ, ಬೆನ್ನಿನ ಮಧ್ಯದಲ್ಲಿ ಬೈಂಡ್ ಮಾಡಿದ ಹಳೇ ಪತ್ರಿಕೆ ಸಂಪುಟಗಳನ್ನು ಪೇರಿಸಿ, ಸುಮಾರು 12 ಕೆ.ಜಿ. ಭಾರ ಬಿಟ್ಟದ್ದಾಯಿತು. 36 ಗಂಟೆ. 12ರ ಬೆಳಿಗ್ಗೆ ತೆಗೆದಾಗ ಸಂದು ಒಂದೂವರೆ ಮಿ.ಮೀ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಎರಡೂವರೆ.

ತಪ್ಪು ಇಲ್ಲೇ. ಬೋರಲು ಹಾಕಿದಾಗಲೇ ಬೆನ್ನಿಗೆ ಆಸರೆಯಾಗಿ ಅಂಟಿಸಿದ ಮರದ ಪಟ್ಟಿಗಳನ್ನು ಒಂದೊಂದಾಗಿ ಕೈಯಲ್ಲಿ ಅಲ್ಲಾಡಿಸಿ ನೋಡಬೇಕಿತ್ತು. ನಡುವಿನ ರೀಪರ್ ಪಟ್ಟಿಯ ಅಂಟು ಪೂರ್ತಿ ಬಿಟ್ಟಿತ್ತು. ಎರಡು ತುದಿ ಮಾತ್ರ ಹಿಡಿದುಕೊಂಡಿದ್ದರಿಂದ ನೋಡಿದರೆ ಗೊತ್ತಾಗುತ್ತಿರಲಿಲ್ಲ, ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಮಳೆಗಾಲ ಪೂರ್ತಿ ಬೋರ್ಡು ತೇವ ಹಿಡಿಯುವ ಗೋಡೆಗೆ ಒರಗಿ ನಿಂತಿತ್ತು, ಕಾರಣ ಅಷ್ಟೇ. ಆಸರೆ ಇಲ್ಲದ ಪ್ಲೈವುಡ್‌ಗೆ ಎಷ್ಟು ಭಾರ ಹೇರಿದರೂ ಇಳಿಸಿದ ಮೇಲೆ ತನ್ನ ಡೊಂಕಿಗೇ ಮರಳುತ್ತದೆ. ಒಂದೂವರೆ ದಿನ ದಂಡ.

ನವೆಂಬರ್ 11: ಬಲೆ, ಚೌಕಾಬಾರದ ಮನೆ

ಮೊದಲ ಬೋರ್ಡಿನ ಹಲಗೆ ಚೆನ್ನಾಗಿತ್ತು, ಮೂರು ಮೂಲೆಯ ಬಲೆ ಹರಿದಿತ್ತು. ಈರುಳ್ಳಿ ಚೀಲದ ಬಲೆಯನ್ನು ಗೇಣುದ್ದ ಚೌಕವಾಗಿ ಕತ್ತರಿಸಿ, ನಾಲ್ಕು ಅಂಚು ಒಳಕ್ಕೆ ಮಡಿಸಿ, ಚಪ್ಪಲಿ ಹೊಲಿಯುವವರ ಬಳಿ ಸಿಗುವ 6 ಮಿ.ಮೀ. ಸಣ್ಣ ಮೊಳೆಯಿಂದ ಬೆನ್ನಿಗೆ ಹೊಡೆದರೆ ಸಾಕು. ಹಲಗೆ ದಪ್ಪ 8 ಮಿ.ಮೀ., ಆದ್ದರಿಂದ ಇದಕ್ಕಿಂತ ಉದ್ದದ ಮೊಳೆ ಬೇಡ. ಮೊಳೆ ₹15. ಅಂಚು ಮಡಿಸದೆ ಹೊಡೆದ ಮೊದಲ ಬಲೆ ಹತ್ತು ಏಟಿಗೆ ಕಿತ್ತು ಬಂತು.

ಧೂಳು ಒರೆಸುವುದಕ್ಕೆ ಒಣ ಹತ್ತಿ ಬಟ್ಟೆ ಮಾತ್ರ. ಒದ್ದೆ ಬಟ್ಟೆ ಎಳೆದರೆ ಪ್ಲೈವುಡ್ ರೋಮ ಏಳುತ್ತದೆ. ಬೋರಿಕ್ ಪೌಡರ್ ₹40ಕ್ಕೆ ಒಂದು ಡಬ್ಬಿ, ಬೋರ್ಡಿಗೆ ಅರ್ಧ ಚಮಚ ಸಾಕು. ಮುಖಕ್ಕೆ ಹಾಕುವ ಪೌಡರನ್ನು ಬಳಸಿ ನೋಡಿದರೆ ಹತ್ತು ನಿಮಿಷ ಚೆನ್ನಾಗಿ ಜಾರುತ್ತದೆ, ಆಮೇಲೆ ಬೆವರಿನ ಕೈಗೆ ಸಿಕ್ಕಿ ಉಂಡೆಗಟ್ಟಿ ಸ್ಟ್ರೈಕರ್ ಅಡಿಗೆ ಅಂಟುತ್ತದೆ. ಬೋರಿಕ್ ಪೌಡರ್ ಹೊಟ್ಟೆಗೆ ಹೋಗಬಾರದ ವಸ್ತು. ಆಡಿ ಎದ್ದವರು ಕೈ ತೊಳೆದೇ ಮಂಡಕ್ಕಿ ಮುಟ್ಟಬೇಕು ಎಂದು ಬರೆದು ಗೋಡೆಗೆ ಅಂಟಿಸಿದ್ದಾಯಿತು. ಮಂಡಕ್ಕಿಯನ್ನೇ ಕೊನೆಗೆ, 5 ಗಂಟೆಗೆ ಇಟ್ಟದ್ದು ಇನ್ನೂ ಒಳ್ಳೆಯ ಉಪಾಯ. ಎಣ್ಣೆ ಕೈ ಕೇರಂಗೂ ಆಗದು, ಪುಸ್ತಕಕ್ಕೂ ಆಗದು.

ಚೌಕಾಬಾರಕ್ಕೆ ನಾಲ್ಕು ಮನೆ ಬೇಕು, ಮನೆ ಎಂದರೆ ಇಲ್ಲಿ ನಾಲ್ವರು ಆಡುವ ಒಂದು ಪಟ. ಐದಕ್ಕೆ ಐದು ಚೌಕ, ಒಂದೊಂದು 9 ಸೆಂ.ಮೀ., ಒಟ್ಟು 45 ಸೆಂ.ಮೀ. ಬದಿ. ಸೀಮೆಸುಣ್ಣದಲ್ಲಿ ಬರೆದರೆ ಒಂದೇ ಆಟಕ್ಕೆ ಲಂಗದ ಅಂಚು, ಪ್ಯಾಂಟಿನ ಮೊಣಕಾಲು ಎಲ್ಲ ಸೇರಿ ಗೆರೆ ಮಾಯ. ಹಳೇ ಫ್ಲೆಕ್ಸ್ ಹಿಂಬದಿಯಲ್ಲಿ ಪರ್ಮನೆಂಟ್ ಮಾರ್ಕರಿನಿಂದ ಬರೆದದ್ದು ಗಂಟೆ ಕಳೆದರೂ ಬೆರಳಿಗೆ ಹತ್ತುತ್ತಿತ್ತು. ಕೊನೆಗೆ ವೈರಿಗೆ ಸುತ್ತುವ ಇನ್ಸುಲೇಷನ್ ಟೇಪು.

ಲೆಕ್ಕ: ಅಡ್ಡ 6, ಉದ್ದ 6, ಒಟ್ಟು 12 ಗೆರೆ, ಒಂದೊಂದು 45 ಸೆಂ.ಮೀ. ಎಂದರೆ 5.4 ಮೀಟರ್. ನಾಲ್ಕು ಬದಿಯ ನಡುಮನೆ ಮತ್ತು ಮಧ್ಯದ ಮನೆಗೆ ಕತ್ತರಿ ಗುರುತು, ಹತ್ತು ಓರೆ ಗೆರೆ, ಒಂದೊಂದು 12.7 ಸೆಂ.ಮೀ., ಸುಮಾರು 1.27 ಮೀಟರ್. ಒಟ್ಟು 6.67. ಅಂಗಡಿಯಲ್ಲಿ ಸಿಕ್ಕ ಸುರುಳಿ 6.5 ಮೀಟರಿನದು. ಮೊದಲ ಮನೆಯಲ್ಲಿ ಕೊನೇ ಕತ್ತರಿಗೆ ಟೇಪು ಮುಗಿಯಿತು. ಎರಡನೆಯದರಿಂದ ಕತ್ತರಿ ಗೆರೆಗೆ ಟೇಪನ್ನು ಉದ್ದಕ್ಕೆ ಸೀಳಿ ಅರ್ಧ ಅಗಲ ಮಾಡಿದ್ದಾಯಿತು. ಸುರುಳಿಗೊಂದು ಮನೆ ಸರಿಹೋಯಿತು, ಕತ್ತರಿ ತೆಳ್ಳಗಿರುವುದು ನೋಡಲೂ ಚೆಂದ.

ಒಳಗಿನ ರೆಡ್ ಆಕ್ಸೈಡ್ ನೆಲಕ್ಕೆ ಟೇಪು ಗಟ್ಟಿಯಾಗಿ ಕೂತಿತು. ಜಗುಲಿಯ ಸಿಮೆಂಟಿಗೆ ಕೂರಲಿಲ್ಲ. ಗುಡಿಸಿ, ಒರೆಸಿ, ಒಣಗಿಸಿ ಅಂಟಿಸಿದರೂ ತುದಿ ಏಳುತ್ತಿತ್ತು, ಒಂದು ಸುರುಳಿ ಹಾಳು. ಆಗ ಕೈಬಿಟ್ಟಿದ್ದ ಫ್ಲೆಕ್ಸ್ ನೆನಪಾಯಿತು: ಮಾರ್ಕರ್ ಹಿಡಿಯದ ಅದೇ ಫ್ಲೆಕ್ಸ್ ಮೇಲೆ ಟೇಪು ಜಪ್ಪಯ್ಯ ಎಂದರೂ ಬಿಡುವುದಿಲ್ಲ. ಜಗುಲಿಯ ಎರಡು ಮನೆ ಹೀಗೆ ಆದವು, ನಾಲ್ಕು ಮೂಲೆಗೆ ಇಟ್ಟಿಗೆ ಚೂರು. ಟೇಪು ಒಟ್ಟು 6 ಸುರುಳಿ, ₹90. ನಾಲ್ಕು ಮನೆಗೆ, ಒಂದು ಹಾಳು, ಒಂದು ವೈರಿಂಗಿಗೆ.

ಕವಡೆ ಮನೆಗೆ 4, ಒಟ್ಟು 16 ಬೇಕು. 22ರಲ್ಲಿ ಒಂದೊಂದನ್ನೂ 20 ಸಲ ಹಾಕಿ ನೋಡಿ, 17 ಸಲಕ್ಕಿಂತ ಹೆಚ್ಚು ಒಂದೇ ಮಗ್ಗುಲಿಗೆ ಬಿದ್ದದ್ದನ್ನು ಪಕ್ಕಕ್ಕಿಟ್ಟರೆ ಮೂರು ಹೊರಬಿದ್ದವು. ಮೂರರದೂ ಬೆನ್ನು ಒಡೆದಿತ್ತು. ಇದನ್ನು ಬಿಡಬೇಡಿ, ಅಂಥ ಕವಡೆ ಒಂದು ಸೇರಿದರೂ ನಾಲ್ಕು-ಎಂಟು ಬೀಳುವುದು ಏರುಪೇರಾಗಿ ಜಗಳ ಶುರುವಾಗುತ್ತದೆ. ಕಾಯಿಗೆ ಬಳೆ ಚೂರು ಹಿಂದಿನಿಂದ ಬಂದ ರೂಢಿ, ಆದರೆ 40 ಮಕ್ಕಳ ಕೈಗೆ ಗಾಜು ಬೇಡ. ಟೈಲರ್ ಅಂಗಡಿಯಿಂದ ನಾಲ್ಕು ಬಣ್ಣದ ಗುಂಡಿ, ₹50. ಕವಡೆ ನೆಲಕ್ಕೆ ಬೀಳುವ ಸದ್ದು ಕೋಣೆ ತುಂಬುತ್ತದೆ, ಮನೆಗೊಂದು ಮಡಿಸಿದ ಗೋಣಿಚೀಲ ಪಕ್ಕದಲ್ಲಿಟ್ಟು ಅದರ ಮೇಲೇ ಹಾಕಬೇಕು ಎಂದು ಮಾಡಿದ್ದಾಯಿತು.

ನವೆಂಬರ್ 12: ಬೋರ್ಡಿನ ಪಟ್ಟಿ, ಅಳಗುಳಿ ಮಣೆ

ಪಟ್ಟಿಯ ಹಳೇ ಅಂಟನ್ನು ಚಾಕುವಿನಿಂದ ಕೆರೆದು, ಎರಡೂ ಮುಖಕ್ಕೆ ಫೆವಿಕಾಲ್ ಸವರಿ, ಬೋರಲು ಹಾಕಿದ ಬೋರ್ಡಿನ ಮೇಲೆ ಪಟ್ಟಿ ಕೂರಿಸಿ, ಅದರ ಮೇಲೆ ಅದೇ ಪತ್ರಿಕೆ ಸಂಪುಟ. ಅಂಟಿನ ಜೊತೆಗೆ ನಾಲ್ಕು ಸ್ಕ್ರೂ. ಇಲ್ಲಿ ಎರಡನೇ ತಪ್ಪು. ಪಟ್ಟಿ ದಪ್ಪ 18 ಮಿ.ಮೀ., ಹಲಗೆ 8, ಒಟ್ಟು 26. ಒಂದಿಂಚು ಸ್ಕ್ರೂ 25 ಮಿ.ಮೀ., ಒಂದು ಮಿ.ಮೀ. ಉಳಿಯುತ್ತದಲ್ಲ ಎಂಬ ಲೆಕ್ಕ. ಕೊನೇ ಸುತ್ತು ತಿರುಗಿಸಿದಾಗ ಸ್ಕ್ರೂ ತಲೆ ಮರದೊಳಕ್ಕೆ ಒಂದೂವರೆ ಮಿ.ಮೀ. ಇಳಿಯುತ್ತದೆ ಎಂಬುದು ಲೆಕ್ಕದಲ್ಲಿ ಇರಲಿಲ್ಲ. ಮುಂಭಾಗದಲ್ಲಿ, ಸ್ಟ್ರೈಕರ್ ಇಡುವ ಬೇಸ್ ಲೈನಿಗೆ ಎರಡು ಬೆರಳು ಈಚೆ, ಅಕ್ಕಿ ಕಾಳಿನಷ್ಟು ಗುಳ್ಳೆ ಎದ್ದಿತು. ಒಂದೇ ಸ್ಕ್ರೂ ಹಾಕಿ ಕೈಯಾಡಿಸಿ ನೋಡಿದ್ದರಿಂದ ಉಳಿದ ಮೂರು ತಪ್ಪಿದವು.

ಸರಿ ಮಾಡಿದ್ದು: ಮುಕ್ಕಾಲು ಇಂಚಿನ ಸ್ಕ್ರೂ, ಅಂದರೆ 19 ಮಿ.ಮೀ. ಹಾಗೇ ಹಾಕಿದರೆ 18 ಮಿ.ಮೀ. ಪಟ್ಟಿ ದಾಟಿ ಹಲಗೆಗೆ ಒಂದೇ ಮಿ.ಮೀ. ಹಿಡಿಯುತ್ತದೆ, ಪ್ರಯೋಜನವಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಮೊದಲು ಸ್ಕ್ರೂ ತಲೆ ಹೋಗುವಷ್ಟು ಅಗಲಕ್ಕೆ 5 ಮಿ.ಮೀ. ಆಳದ ಗುಂಡಿ ಕೊರೆದದ್ದಾಯಿತು. ಡ್ರಿಲ್ ಬಿಟ್ಟಿಗೆ 5 ಮಿ.ಮೀ. ಬಿಟ್ಟು ಟೇಪು ಸುತ್ತಿದರೆ ಆಳ ತಪ್ಪುವುದಿಲ್ಲ. ಈಗ ತಲೆಯ ಅಡಿಯಲ್ಲಿ 13 ಮಿ.ಮೀ. ಪಟ್ಟಿ, ಹಲಗೆಯೊಳಗೆ 6 ಮಿ.ಮೀ. ಸ್ಕ್ರೂ, ಮೇಲ್ಮೈಗೆ ಇನ್ನೂ 2 ಮಿ.ಮೀ. ಬಾಕಿ. ಗುಳ್ಳೆಯನ್ನು 320ರ ಪಾಲಿಶ್ ಪೇಪರಿನಿಂದ ತಗ್ಗಿಸಿ, ತೂತಿಗೆ ಮರದ ಪುಡಿ ಮತ್ತು ಫೆವಿಕಾಲ್ ಕಲಸಿ ತುಂಬಿ, ಒಣಗಿದ ಮೇಲೆ 600ರಿಂದ ನಯ ಮಾಡಿದರೆ ಬೆರಳಿಗೆ ಗೊತ್ತಾಗದು, ಕಣ್ಣಿಗೆ ಗೊತ್ತಾಗುತ್ತದೆ. ಸ್ಕ್ರೂ ₹20, ಪೇಪರ್ ₹15. ರಾತ್ರಿ ಪೂರ್ತಿ ಭಾರದಡಿ ಬಿಟ್ಟು ಬೆಳಿಗ್ಗೆ ದಾರ ಹಿಡಿದಾಗ ಸಂದು ಅರ್ಧ ಮಿ.ಮೀ. ಮಕ್ಕಳ ಆಟಕ್ಕೆ ಧಾರಾಳ.

ಅಳಗುಳಿ ಮಣೆ ನಾಲ್ಕು ಬೇಕು, ಇದ್ದದ್ದು ಎರಡು. ಉಳಿದೆರಡಕ್ಕೆ ಮೊಟ್ಟೆ ಟ್ರೇ. ಮೊಟ್ಟೆ ಟ್ರೇ ಆರಕ್ಕೆ ಐದು, 30 ಗುಳಿ. ಮಣೆಗೆ ಬೇಕಾದದ್ದು ಏಳರ ಎರಡು ಸಾಲು. ಯಾವ ಕಡೆ ಕತ್ತರಿಸಿದರೂ ಏಳು ಸಿಗುವುದಿಲ್ಲ ಎಂಬುದು ಎರಡು ಟ್ರೇ ಕತ್ತರಿಸಿದ ಮೇಲೆ ಹೊಳೆಯಿತು. ಆರರ ಎರಡು ಸಾಲಿನ ತುಂಡಿಗೆ ಇನ್ನೆರಡು ಗುಳಿಯ ತುಂಡನ್ನು ಸೇರಿಸಿ, ರಟ್ಟಿನ ಮೇಲೆ ಅಂಟಿಸಬೇಕು. ರಟ್ಟು ಇಲ್ಲದಿದ್ದರೆ ಮಣೆ ಹಗುರ, ಒಂದು ಕಡೆ ಬೀಜ ತುಂಬಿದಾಗ ವಾಲಿ ಮಗುಚುತ್ತದೆ. ರಟ್ಟಿನ ಅಡಿಗೆ ಒಂದು ಹಳೇ ಟೈಲ್ಸ್ ತುಂಡು ಅಂಟಿಸಿದ ಮೇಲೆ ಕದಲಲಿಲ್ಲ.

ಬೀಜದ ಕತೆ ಬೇರೆ. ಗುಳಿಗೆ 5ರಂತೆ ಮಣೆಗೆ 70, ನಾಲ್ಕಕ್ಕೆ 280. ಒಮ್ಮೆ 70 ಎಣಿಸಿ ಅಂಗಡಿ ತಕ್ಕಡಿಯಲ್ಲಿ ತೂಗಿ, ಅದೇ ತೂಕಕ್ಕೆ ಉಳಿದ ಮೂರು ಕವರ್ ತುಂಬಿದ್ದು. ಬಿಚ್ಚಿ ಎಣಿಸಿದರೆ 66, 71, 74. ಹುಣಸೆ ಬೀಜ ಒಂದು ದಪ್ಪ, ಒಂದು ಚಪ್ಪಟೆ, ತಕ್ಕಡಿ ಇಲ್ಲಿ ನಡೆಯದು. ಎಣಿಸುವುದಕ್ಕೆ ಮಣೆಯೇ ಸಾಧನ: ಗುಳಿಗೆ ಐದೈದು ಹಾಕುತ್ತಾ ಹೋದರೆ ಹದಿನಾಲ್ಕನೇ ಗುಳಿಗೆ ಲೆಕ್ಕ ತಾನೇ ಮುಗಿಯುತ್ತದೆ, ತಪ್ಪಿದ್ದರೆ ಕಣ್ಣಿಗೇ ಕಾಣುತ್ತದೆ. ಪ್ರತಿ ಆಟದ ಕೊನೆಗೂ ಮಕ್ಕಳೇ ಹೀಗೆ ತುಂಬಿಟ್ಟು ಏಳಬೇಕು ಎಂಬ ನಿಯಮ ಇಲ್ಲಿಂದಲೇ ಬಂತು. ಜಿಪ್ ಕವರ್ ₹30.

ಯಾರೋ ಅಕ್ಕರೆಯಿಂದ ಒಂದು ಡಬ್ಬಿ ಗುಲಗಂಜಿ ಕೊಟ್ಟರು. ಕೆಂಪು ಮೈ, ಕಪ್ಪು ಮೂತಿ, ಮಣೆಯಲ್ಲಿ ನೋಡಲು ಅದರಷ್ಟು ಚೆಂದ ಯಾವುದೂ ಇಲ್ಲ. ಆದರೆ ಅಗಿದು ನುಂಗಿದರೆ ಗುಲಗಂಜಿ ಕಡು ವಿಷ. ಸಣ್ಣ ಮಕ್ಕಳು ಇರುವ ಕಡೆ ಇಡುವುದೇ ಬೇಡ. ಕಪ್ಪು ಚುಕ್ಕೆ ಇಲ್ಲದ, ಪೂರ್ತಿ ಕೆಂಪಗಿರುವ ಮಂಜೊಟ್ಟಿ ಬೀಜ ಬೇರೆ ಮರದ್ದು. ತುಳುನಾಡಿನ ಕಡೆ ಚೆನ್ನೆಮಣೆಗೆ, ಅಂದರೆ ಅಲ್ಲಿನ ಅಳಗುಳಿಗೆ, ಅದನ್ನೇ ಬಳಸುತ್ತಾರೆ, ಅಲ್ಲಿ ಗುಳಿಗೆ ನಾಲ್ಕರ ಲೆಕ್ಕ. ಡಬ್ಬಿಯನ್ನು ಬೀರುವಿಗೆ ಹಾಕಿ ಬೀಗ ಹಾಕಿದ್ದಾಯಿತು.

ನವೆಂಬರ್ 13: ಹುಲಿ-ಕುರಿ, ಕಂಪ್ಯೂಟರ್, ದೀಪ, ಗುಂಪು

ಹುಲಿ-ಕುರಿ ಪಟ ಡ್ರಾಯಿಂಗ್ ಹಾಳೆಯಲ್ಲಿ, ಹಾಳೆಗಳಿಗೆ ₹30. ನೆತ್ತಿಯ ಒಂದು ಬಿಂದುವಿನಿಂದ ಕೆಳಕ್ಕೆ ನಾಲ್ಕು ಗೆರೆ, ಅವನ್ನು ದಾಟುವ ಮೂರು ಅಡ್ಡಗೆರೆ, ಅಡ್ಡಗೆರೆಗಳ ತುದಿಗಳನ್ನು ಎಡಬಲದಲ್ಲಿ ಕೂಡಿಸುವ ಗೆರೆ, ತಳದಲ್ಲಿ ಒಂದು ಗೆರೆ. ಬಿಂದುಗಳು 1, ಆರಾರರ ಮೂರು ಸಾಲು, ತಳದಲ್ಲಿ 4, ಒಟ್ಟು 23. ಮೊದಲ ಹಾಳೆಯಲ್ಲಿ ನೆತ್ತಿಯಿಂದ ಐದು ಗೆರೆ ಇಳಿದುಬಿಟ್ಟಿತ್ತು, ಎಣಿಸಿದರೆ 27. ಪೆನ್ಸಿಲ್ಲಿನಲ್ಲಿ ಎಳೆದು 23 ಎಣಿಸಿದ ಮೇಲೇ ಸ್ಕೆಚ್ ಪೆನ್. ಹುಲಿ 3, ಕುರಿ 15: ದೊಡ್ಡ ಕೋಟಿನ ಗುಂಡಿ, ಸಣ್ಣ ಅಂಗಿ ಗುಂಡಿ. ಕಡಲೆಬೀಜವನ್ನು ಕುರಿ ಮಾಡಬೇಡಿ, ಹುಲಿಗಿಂತ ಮೊದಲು ಮಕ್ಕಳೇ ತಿಂದು ಮುಗಿಸುತ್ತಾರೆ.

ಕಂಪ್ಯೂಟರಿನಲ್ಲಿ ಸೂಪರ್‌ಟಕ್ಸ್‌ಕಾರ್ಟ್ ಎಂಬ ಗಾಡಿ ಓಟದ ಆಟ, ಉಚಿತ, ಪರದೆ ಎರಡು ಭಾಗವಾಗಿ ಇಬ್ಬರು ಆಡಬಹುದು. ಗ್ರಾಫಿಕ್ಸ್ ಮಟ್ಟವನ್ನು ತೀರಾ ಕೆಳಗೆ ಇಳಿಸಿದ ಮೇಲೆ ಸರಾಗವಾಗಿ ಓಡಿತು. ತೊಂದರೆ ಕೀಬೋರ್ಡಿನದು. ಇಬ್ಬರೂ ಒಂದೇ ಕೀಬೋರ್ಡಿನಲ್ಲಿ ವೇಗದ ಕೀ ಒತ್ತಿ ಹಿಡಿದು ತಿರುಗಿದರೆ ನಾಲ್ಕು ಕೀ ಒಟ್ಟಿಗೆ ಬೀಳುತ್ತವೆ. ಅಗ್ಗದ ಕೀಬೋರ್ಡು ಕೆಲವು ಜೋಡಣೆಯಲ್ಲಿ ಮೂರನೆಯದನ್ನೇ ನುಂಗುತ್ತದೆ. ಒಬ್ಬನ ಗಾಡಿ ಸೀದಾ ಗೋಡೆಗೆ. ಕೀ ಬದಲಿಸಿ ನೋಡುತ್ತಾ ಮುಕ್ಕಾಲು ಗಂಟೆ ಹೋಯಿತು. ಇನ್ನೊಂದು ಯುಎಸ್‌ಬಿ ಕೀಬೋರ್ಡು ಚುಚ್ಚಿ, ಒಬ್ಬರಿಗೆ ಬಾಣದ ಕೀ, ಇನ್ನೊಬ್ಬರಿಗೆ ಎಡಗಡೆಯ ಅಕ್ಷರದ ಕೀ ಕೊಟ್ಟರೆ ಮುಗಿಯಿತು. ₹350, ಇಡೀ ಪಟ್ಟಿಯಲ್ಲಿ ಇದೇ ದುಬಾರಿ, ಇದಕ್ಕೆ ಕೂರುವವರು ಇಬ್ಬರೇ.

ದೀಪ: ಟ್ಯೂಬ್‌ಲೈಟ್ ಒಂದು ಗೋಡೆಯಲ್ಲಿ ಇರುವುದರಿಂದ ಕೇರಂ ಮೇಲೆ ಆಡುವವರದೇ ನೆರಳು. ಬೋರ್ಡಿಗೊಂದು 9 ವ್ಯಾಟಿನ ಎಲ್‌ಇಡಿ ಬಲ್ಬ್, ಎರಡಕ್ಕೆ ₹180, ಹೋಲ್ಡರ್ ಮತ್ತು ವೈರ್ ₹210. ಬೋರ್ಡಿನಿಂದ 3 ಅಡಿ ಮೇಲೆ ಎಂದು ಇಳಿಬಿಟ್ಟದ್ದು ಸ್ಟ್ಯಾಂಡಿನ ಬೋರ್ಡಿಗೆ ಸರಿ. ಚಿಕ್ಕ ಮಕ್ಕಳಿಗೆ ನೆಲದ ಮೇಲೆ ಇಟ್ಟ ಬೋರ್ಡಿಗೆ ಅದೇ ಅಳತೆ ಹಾಕಿದ್ದರಿಂದ ಎದ್ದವರ ತಲೆಗೆ ಬಲ್ಬ್ ಬಡಿಯಿತು. ಅದನ್ನು ಆರಡಿಗೆ ಎತ್ತಿದ್ದಾಯಿತು. ನೆಲದ ಬೋರ್ಡಿನ ಅಡಿಗೆ ನಾಲ್ಕು ಇಟ್ಟಿಗೆ. ಅಡ್ಡ ಮಲಗಿಸಿದರೆ ಬಲೆ ನೆಲಕ್ಕೆ ತಾಗಿ, ಮೂರನೇ ಕಾಯಿನ್ ಬಿದ್ದಾಗ ತೂತಿನಿಂದ ತಲೆ ಹೊರಗಿಟ್ಟು ನಿಲ್ಲುತ್ತದೆ. ಮಗ್ಗುಲಾಗಿ ನಿಲ್ಲಿಸಿದರೆ ಎತ್ತರ ಹೆಚ್ಚು ಸಿಗುತ್ತದೆ, ತೊಂದರೆ ಇಲ್ಲ.

ಗುಂಪು ಮಾಡುವುದರಲ್ಲಿ ಮೊದಲ ಯೋಜನೆ ಐದು ಆಟಕ್ಕೆ ಐದು ಗುಂಪು, ಗುಂಪಿಗೆ ಎಂಟು. ಬರೆದು ಮುಗಿಸಿದ ಮೇಲೆ ನೋಡಿದರೆ ಕಂಪ್ಯೂಟರಿಗೆ ಎಂಟು ಜನ, ಕೂರಲು ಜಾಗ ಎರಡು. ಆಟವನ್ನಲ್ಲ, ಕೂರುವ ಜಾಗವನ್ನು ಎಣಿಸಬೇಕು. ಕೇರಂ 8. ಚೌಕಾಬಾರ 16, ಒಳಗೆ 8, ಜಗುಲಿಯಲ್ಲಿ 8. ಅಳಗುಳಿ 8. ಹುಲಿ-ಕುರಿ 6 ಮತ್ತು ಕಂಪ್ಯೂಟರ್ 2 ಸೇರಿ 8. ಹೀಗೆ ಎಂಟರ ಐದು ಜಾಗ, ಐದು ಸರದಿ, ಸರದಿಗೆ 25 ನಿಮಿಷ ಆಟ, 5 ನಿಮಿಷ ಬದಲಾವಣೆ. ಎರಡೂವರೆ ಗಂಟೆ, ಕೊನೆಯ ಅರ್ಧ ಗಂಟೆ ಯಾರಿಗೆ ಯಾವುದು ಬೇಕೋ ಅದು.

25 ನಿಮಿಷಕ್ಕೆ ಆಟವನ್ನೂ ಕತ್ತರಿಸಬೇಕು. ಚೌಕಾಬಾರವನ್ನು ನಾಲ್ವರು ನಾಲ್ಕು ಕಾಯಿಯಲ್ಲಿ ಆಡಿ ನೋಡಿದರೆ ಒಂದು ಗಂಟೆ ಹತ್ತು ನಿಮಿಷವಾದರೂ ಮುಗಿಯಲಿಲ್ಲ. ಎರಡೇ ಕಾಯಿ, ಸಮಯ ಮುಗಿದಾಗ ಹೆಚ್ಚು ಕಾಯಿ ಹಣ್ಣಾದವರು, ಅಂದರೆ ಮಧ್ಯದ ಮನೆ ಮುಟ್ಟಿಸಿದವರು, ಗೆದ್ದಂತೆ. ಎದುರಾಳಿಯ ಒಂದಾದರೂ ಕಾಯಿ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಎಂಬ ನಿಯಮವನ್ನು ಬಿಟ್ಟದ್ದು ಬೇಸರದಿಂದಲೇ, ಆಟದ ರುಚಿ ಇರುವುದೇ ಅಲ್ಲಿ. ಆದರೆ ಎರಡು ಕಾಯಿಯಲ್ಲಿ ಅದನ್ನು ಇಟ್ಟರೆ ಇಬ್ಬರು ಹೊರಸುತ್ತಿನಲ್ಲೇ ತಿರುಗುತ್ತಾ ಕೂರುತ್ತಾರೆ. ಕೇರಂ 25 ಪಾಯಿಂಟಿನ ಬದಲು ಒಂದೇ ಬೋರ್ಡು, ಅಂದರೆ ಒಂದೇ ಸುತ್ತು. ಹುಲಿ-ಕುರಿಯಲ್ಲಿ ಆರು ಕುರಿ ಹೋದರೆ ಹುಲಿ ಗೆದ್ದಂತೆ. ಅಳಗುಳಿಯಲ್ಲಿ ಗುಳಿಗೆ ನಾಲ್ಕಾದಾಗ ಎತ್ತಿಕೊಳ್ಳುವುದು ಕೆಲವು ಮನೆಗಳಲ್ಲಿ ಉಂಟು, ಕೆಲವು ಮನೆಗಳಲ್ಲಿ ಇಲ್ಲ. ಇಲ್ಲ ಎಂದೇ ಬರೆದು, ಖಾಲಿ ಗುಳಿ ಸವರಿ ಮುಂದಿನದನ್ನು ಎತ್ತುವುದು ಮಾತ್ರ ಇಟ್ಟದ್ದಾಯಿತು. ಪ್ರತಿ ಜಾಗಕ್ಕೂ ಐದು ಸಾಲಿನ ನಿಯಮದ ಚೀಟಿ. 'ನಮ್ಮಜ್ಜಿ ಹೀಗೆ ಹೇಳಿಕೊಟ್ಟಿಲ್ಲ' ಎಂಬ ತಕರಾರಿಗೆ ಚೀಟಿಯೇ ಉತ್ತರ.

ಒಟ್ಟು ಖರ್ಚು ₹1,280. ಫೆವಿಕಾಲ್, ರಟ್ಟು, ಫ್ಲೆಕ್ಸ್, ಇಟ್ಟಿಗೆ ಇದ್ದದ್ದೇ. ಮಂಡಕ್ಕಿ ಇದರಲ್ಲಿ ಸೇರಿಲ್ಲ.

ನವೆಂಬರ್ 14: ನಡೆದದ್ದು, ಕೆಟ್ಟದ್ದು

ಮೊದಲ ಬದಲಾವಣೆಗೆ 5 ನಿಮಿಷದ ಬದಲು 11 ಹಿಡಿಯಿತು. ಜಗುಲಿಯಿಂದ ಒಳಗೆ ಬರುವವರ ಚಪ್ಪಲಿ, ಒಳಗಿನಿಂದ ಹೋಗುವವರ ಚಪ್ಪಲಿ, ಬಾಗಿಲು ಒಂದೇ. ಎರಡನೇ ಸರದಿಯಿಂದ ಮೂರು ನಿಮಿಷ ಮುಂಚೆ ಒಂದು ಸಲ, ಸಮಯಕ್ಕೆ ಎರಡು ಸಲ ಗಂಟೆ ಬಾರಿಸಿ, ಮೊದಲು ಒಳಗಿನವರು ಹೊರಗೆ ಎಂದು ಮಾಡಿದ ಮೇಲೆ 6ಕ್ಕೆ ಇಳಿಯಿತು. ಹೋದ ಹೊತ್ತು ಕೊನೆಯ ಅರ್ಧ ಗಂಟೆಯಲ್ಲಿ ಕಳೆಯಿತು.

2.40ಕ್ಕೆ ಕರೆಂಟು ಹೋಯಿತು, ಬಂದದ್ದು 20 ನಿಮಿಷದ ಮೇಲೆ. ಯುಪಿಎಸ್ ನಾಲ್ಕು ನಿಮಿಷವೂ ತಡೆಯಲಿಲ್ಲ. ಕಂಪ್ಯೂಟರಿನ ಇಬ್ಬರಿಗೆ ಕೊಡಲು ನಾಲ್ಕನೇ ಹುಲಿ-ಕುರಿ ಪಟ ಇರಲಿಲ್ಲ, 27 ಬಿಂದುವಿನ ತಪ್ಪು ಹಾಳೆಯ ಹಿಂಬದಿಯಲ್ಲೇ ಪೆನ್ಸಿಲ್ಲಿನಿಂದ ಗೀಚಿ ಕೊಟ್ಟದ್ದಾಯಿತು. ಒಂದು ಪಟ ಹೆಚ್ಚಿಗೆ ಇರಬೇಕು.

3.30ರ ನಂತರ ಜಗುಲಿಗೆ ಪಡುವಣ ಬಿಸಿಲು. ಫ್ಲೆಕ್ಸ್ ಕಾದು ಮೆತ್ತಗಾಗಿ ಟೇಪಿನ ಗೆರೆ ಜರುಗಿ ಚೌಕ ಸೊಟ್ಟ ಆಯಿತು. ಹಳೇ ಸೀರೆ ಕಟ್ಟಿ ನೆರಳು ಮಾಡಿದ್ದು ತಡವಾಗಿ.

ಅಳಗುಳಿ ಬೀಜ ಸಂಜೆ ಎಣಿಸಿದಾಗ 70, 70, 70, 69. ಕೇರಂ ಕಾಯಿನ್ ಎರಡು ಸೆಟ್ಟೂ ಪೂರ್ತಿ. ರಿಪೇರಿಯಾದ ಬೋರ್ಡಿಗೆ ದಾರ ಹಿಡಿದರೆ ಸಂದು ಅದೇ ಅರ್ಧ ಮಿ.ಮೀ. ಬೋರ್ಡು ಎರಡನ್ನೂ ಈಗ ಗೋಡೆಗೆ ಒರಗಿಸಿಲ್ಲ, ಕಪಾಟಿನ ಮೇಲೆ ಮಟ್ಟಸವಾಗಿ ಮಲಗಿಸಿ ನಡುವೆ ಪೇಪರ್ ಹಾಕಿದೆ.

ನೆಲದ ಟೇಪನ್ನು ಅವತ್ತೇ ಕೀಳಬೇಕಿತ್ತು. 16ರವರೆಗೆ ಬಿಟ್ಟದ್ದರಿಂದ ಗೆರೆಯುದ್ದಕ್ಕೂ ಅಂಟು ಉಳಿದಿದೆ. ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಉಜ್ಜಿ ಒಂದು ಮನೆ ಹೋಗಿದೆ, ಒಂದು ಬಾಕಿ ಇದೆ. ಅದರ ಮೇಲೆ ಎರಡು ಮಕ್ಕಳು ಇನ್ನೂ ಆಡುತ್ತಿವೆ.